ನೋವು ಎಂದಾಗ ನಂಬಿ

ಸಹೋದರಿಯರೇ, ಗಂಡುಮಗು ಆಡುತ್ತಾ ಬಿದ್ದು ಅತ್ತರೆ ನಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? "ಗಂಡುಹುಡುಗ ಆಗಿ ಅಳ್ತೀಯೇನೋ? ಏನೂ ಆಗಿಲ್ಲ, ಏಳು!" ಹೆಚ್ಚಿನ ಮಕ್ಕಳಿಗೆ ಈ ಮಾತಿನಿಂದ ಕೆಡುಕೇನೂ ಆಗುವುದಿಲ್ಲ. ಮಣ್ಣು ಕೊಡವಿಕೊಂಡು ಎದ್ದು ಓಡುತ್ತಾರೆ. ಆದರೆ ನಮ್ಮ ನಡುವೆ ಕೆಲವು ಮಕ್ಕಳಿದ್ದಾರೆ. "ಏನೂ ಆಗಿಲ್ಲ" ಎಂಬ ನಮ್ಮ ಮಾತಿಗೆ ಅವರು ತಮ್ಮ ಮಂಡಿಯನ್ನೇ, ಕೆಲವೊಮ್ಮೆ ಜೀವವನ್ನೇ ಬೆಲೆಯಾಗಿ ತೆರಬೇಕಾಗುತ್ತದೆ. ಅಂತಹ ಮಕ್ಕಳ ನೋವಿನ ಬಗ್ಗೆ ಇಂದು ನಿಮ್ಮೊಂದಿಗೆ ಸ್ವಲ್ಪ ಮಾತನಾಡಬೇಕೆನಿಸಿದೆ.

ಈ ಕಾಯಿಲೆಯ ಹೆಸರು ಹಿಮೋಫಿಲಿಯಾ. ಕನ್ನಡದಲ್ಲಿ ಕುಸುಮ ರೋಗ ಎಂದೂ ಕರೆಯುತ್ತಾರೆ. ಹೆಸರು ಹೂವಿನದ್ದಾದರೂ ಕಾಯಿಲೆ ಹೂವಿನಷ್ಟು ಮೃದುವಲ್ಲ. ಗಾಯವಾದಾಗ ರಕ್ತ ಹೆಪ್ಪುಗಟ್ಟಿ ನಿಲ್ಲಬೇಕಾದರೆ ರಕ್ತದಲ್ಲಿರುವ ಹಲವು ಅಂಶಗಳು ಒಂದರ ಹಿಂದೆ ಒಂದರಂತೆ ಕೆಲಸ ಮಾಡಬೇಕು. ವೈದ್ಯರು ಇವುಗಳನ್ನು ಫ್ಯಾಕ್ಟರ್ ಎನ್ನುತ್ತಾರೆ. ಎಂಟನೆಯ ಫ್ಯಾಕ್ಟರ್ ಕಡಿಮೆಯಿದ್ದರೆ ಹಿಮೋಫಿಲಿಯಾ ಎ, ಒಂಬತ್ತನೆಯದು ಕಡಿಮೆಯಿದ್ದರೆ ಹಿಮೋಫಿಲಿಯಾ ಬಿ. ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಎ ಬಗೆಯ ಹಿಮೋಫಿಲಿಯಾ ಇರುತ್ತದೆ. ಬಿ ಇನ್ನೂ ಅಪರೂಪ. ಫ್ಯಾಕ್ಟರ್ ಪ್ರಮಾಣ ಶೇಕಡಾ 1ಕ್ಕಿಂತ ಕಡಿಮೆಯಿದ್ದರೆ ಅದು ತೀವ್ರ ಸ್ವರೂಪದ್ದು. ಅಂತಹ ಮಕ್ಕಳಿಗೆ ಬೀಳದೆ, ಏಟು ತಗಲದೆಯೂ ಒಳಗೊಳಗೇ ರಕ್ತಸ್ರಾವವಾಗಬಹುದು.

ಇವರ ರಕ್ತ ಬೇರೆಯವರಿಗಿಂತ ಜೋರಾಗಿ ಹರಿಯುತ್ತದೆ ಎಂಬುದು ತಪ್ಪು ಕಲ್ಪನೆ. ಜೋರಾಗಿ ಹರಿಯುವುದಿಲ್ಲ, ಆದರೆ ನಿಲ್ಲಬೇಕಾದ ಹೊತ್ತಿಗೆ ನಿಲ್ಲುವುದಿಲ್ಲ. ಬೆರಳಿಗೆ ಆದ ಸಣ್ಣ ಗೀರು ಇವರಿಗೆ ದೊಡ್ಡ ಗಂಡಾಂತರವಲ್ಲ. ನಿಜವಾದ ಸಂಕಟ ಇರುವುದು ಕಣ್ಣಿಗೆ ಕಾಣದ ಕಡೆ. ಮಂಡಿ, ಕಣಕಾಲು, ಮೊಣಕೈ ಕೀಲುಗಳ ಒಳಗೆ ರಕ್ತ ತುಂಬಿಕೊಳ್ಳುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ.

ನೋವು ಮೊದಲು, ಬಾವು ಆಮೇಲೆ

ನಾನು ಇಟ್ಟಿಗಿಯವಳು. ಬೆಳಗ್ಗೆ ಮದರಸಾದಲ್ಲಿ, ಆನಂತರ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವುದು ನನ್ನ ಕೆಲಸ. ಈ ಕಾಯಿಲೆ ಇರುವ ಒಬ್ಬ ಹುಡುಗ ನನ್ನ ತರಗತಿಗೆ ಸೇರಿದ. ಸೇರಿಸಲು ಬಂದ ದಿನವೇ ಅವನ ತಾಯಿ ನನ್ನನ್ನು ಒಂದು ಬದಿಗೆ ಕರೆದು ಹೇಳಿದಳು: "ಆಪಾ, ಇವ ಕಾಲು ನೋಯ್ತೈತಿ ಅಂದ್ರ ಬಾವು ಬಂದೈತೇನಂತ ನೋಡ್ಕೋತ ಕುಂದ್ರಬ್ಯಾಡ್ರಿ. ನನಗೊಂದು ಫೋನ್ ಮಾಡ್ರಿ, ಸಾಕು."

ಆ ತಾಯಿ ನಾಲ್ಕನೆಯ ತರಗತಿಯ ಮೇಲೆ ಓದಿದವಳಲ್ಲ. ಆದರೆ ಈ ಕಾಯಿಲೆಯ ಬಗ್ಗೆ ತಿಳಿದಿರಲೇಬೇಕಾದ ಮುಖ್ಯ ಮಾತನ್ನು ಅವಳು ಎರಡೇ ವಾಕ್ಯಗಳಲ್ಲಿ ಹೇಳಿಬಿಟ್ಟಿದ್ದಳು. ಕೀಲಿನೊಳಗೆ ರಕ್ತ ಜಿನುಗತೊಡಗಿದಾಗ ಮಗುವಿಗೆ ಮೊದಲು ಆಗುವುದು ಜುಮುಜುಮು ಎನ್ನುವ ಅನುಭವ, ಒಳಗೆ ಬೆಚ್ಚಗಾದಂತೆ, ಬಿಗಿದಂತೆ. ಅನಂತರ ನೋವು. ಬಾವು, ಕೆಂಪು, ಮಡಚಲಾಗದ ಸ್ಥಿತಿ ಇವೆಲ್ಲ ಬರುವುದು ಆಮೇಲೆ. ನಾವು ಬಾವು ನೋಡಿ ನಂಬುತ್ತೇವೆ. ಅಷ್ಟು ಹೊತ್ತಿಗೆ ಕೀಲು ತುಂಬಿರುತ್ತದೆ.

ಒಂದು ದಿನ ಗಣಿತದ ಪಾಠದ ನಡುವೆ ಅವನು ಕೈ ಎತ್ತಿದ. "ಆಪಾ, ಮಂಡಿ ಒಳಗ ಬೆಚ್ಚಗಾಗಾಕತ್ತೈತ್ರಿ, ಜುಮುಜುಮು ಅಂತೈತಿ" ಎಂದ. ಎರಡೂ ಮಂಡಿಗಳನ್ನು ನೋಡಿದೆ. ಒಂದೇ ತೆರನಾಗಿದ್ದವು. ಕೆಂಪೂ ಇಲ್ಲ, ಬಾವೂ ಇಲ್ಲ. ಆದರೂ ತಾಯಿಗೆ ಫೋನ್ ಮಾಡಿದೆ. ಅವಳು ಬಂದು ಕರೆದೊಯ್ದು ಫ್ಯಾಕ್ಟರ್ ಕೊಡಿಸಿದಳು. ಮೂರನೆಯ ದಿನ ಹುಡುಗ ತರಗತಿಗೆ ಹಾಜರು!

ಇದೇ ಹುಡುಗ ಮೂರು ವರ್ಷದವನಿದ್ದಾಗ ನಡೆದದ್ದನ್ನು ಅವನ ತಾಯಿ ಹೇಳುವಾಗ ಇಂದಿಗೂ ಅವಳ ಗಂಟಲು ಕಟ್ಟುತ್ತದೆ. ಆಗ ಕಾಯಿಲೆಯ ಹೆಸರೇ ಅವರಿಗೆ ಗೊತ್ತಿರಲಿಲ್ಲ. ಮಗು ಬಿದ್ದಿತು, ಮಂಡಿ ಊದಿತು. ಯಾರೋ ಹೇಳಿದರೆಂದು ಉಳುಕು ತೆಗೆಸಿದರು. ಎಣ್ಣೆ ಹಾಕಿ ನೀವಿಸಿದರು. ನೋವು ಹೆಚ್ಚಾಯಿತೆಂದು ಒಂದು ಕಡೆ ಸೊಂಟಕ್ಕೆ ಸೂಜಿ ಹಾಕಿಸಿದರು. ಸೂಜಿ ಚುಚ್ಚಿದ ಜಾಗವೂ ಕಪ್ಪಾಗಿ ಊದಿಕೊಂಡಿತು. ಮಗು ವಾರಗಟ್ಟಲೆ ಹಾಸಿಗೆ ಬಿಟ್ಟೇಳಲಿಲ್ಲ. ಆ ಮಂಡಿ ಇಂದಿಗೂ ಪೂರ್ತಿ ಚಾಚುವುದಿಲ್ಲ. ಕೇಡು ಬಯಸಿದವರು ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ನೋವಿಗೆ ಮದ್ದು ಮಾಡಿದರು, ನೋವಿನ ಕಾರಣವಾದ ರಕ್ತಸ್ರಾವಕ್ಕೆ ಯಾರೂ ಮಾಡಲಿಲ್ಲ.

ಸಹನೆ ಎಂದರೆ ಮೌನವಲ್ಲ

ಮಗು ನೋವು ಎಂದು ಹೇಳಿದರೆ ನಂಬಬಹುದು. ಹೇಳದೇ ಇದ್ದರೆ? ಇದು ಇನ್ನೂ ಕಷ್ಟದ ವಿಷಯ.

ಮತ್ತೊಂದು ದಿನ ಆ ಹುಡುಗ ಕಾಲ್ಬೆರಳ ಮೇಲೆ ಭಾರ ಹಾಕಿ ನಡೆಯುತ್ತಿದ್ದ. ಕೇಳಿದರೆ "ಏನಿಲ್ರಿ" ಎಂದ. ಮಕ್ಕಳೆಲ್ಲ ಹೊರಗೆ ಹೋದ ಮೇಲೆ ಹತ್ತಿರ ಕೂರಿಸಿಕೊಂಡು ಮತ್ತೆ ಕೇಳಿದೆ. ತಲೆ ಬಗ್ಗಿಸಿ ಹೇಳಿದ: "ಹೇಳಿದ್ರ ಅಮ್ಮಿ ಹೂವು ಬಿಡಿಸಾಕ ಹೋಗಂಗಿಲ್ಲ. ಮೊನ್ನೆನೂ ಹೋಗಿಲ್ಲ."

ನಮ್ಮ ಹಡಗಲಿ ಸೀಮೆಯ ಮಲ್ಲಿಗೆ ನಿಮಗೆಲ್ಲ ಗೊತ್ತು. ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೋಗಿ ಮೊಗ್ಗು ಬಿಡಿಸುವ ಹೆಂಗಸರಲ್ಲಿ ಅವನ ತಾಯಿಯೂ ಒಬ್ಬಳು. ಆಸ್ಪತ್ರೆಗೆ ಹೋದ ದಿನ ಕೂಲಿ ಇಲ್ಲ. ಹತ್ತು ವರ್ಷದ ಹುಡುಗ ಅಮ್ಮಿಯ ಕೂಲಿಯ ಲೆಕ್ಕ ಹಾಕಿ ತನ್ನ ನೋವನ್ನು ನುಂಗಿಕೊಂಡಿದ್ದ!

ಹೀಗೆ ನೋವು ಮುಚ್ಚಿಡುವ ಮಕ್ಕಳು ಇವನೊಬ್ಬನೇ ಅಲ್ಲ. ಮನೆಯವರಿಗೆ ಖರ್ಚು ಎಂದು, ಆಟಕ್ಕೆ ಬಿಡುವುದಿಲ್ಲ ಎಂದು, ಸೂಜಿಯ ಭಯದಿಂದ, "ಯಾವಾಗಲೂ ಇವನದ್ದೊಂದು ಗೋಳು" ಎಂಬ ಮಾತು ಕೇಳಬೇಕಾಗುತ್ತದೆಂದು ಸುಮ್ಮನಿರುತ್ತಾರೆ. ನಾವೋ ಅದನ್ನು ಸಬ್ರ್ ಎಂದುಕೊಂಡು ಹೊಗಳುತ್ತೇವೆ. ಸಬ್ರ್ ಎಂದರೆ ನೋವನ್ನು ಅಡಗಿಸಿಡುವುದೇ? ಸಹನೆಗೆ ಹೆಸರಾದ ಪ್ರವಾದಿ ಅಯ್ಯೂಬ್(ಅ)ರು ಸಹ ತಮಗೆ ಸಂಕಟವಾಗಿದೆ ಎಂದು ತಮ್ಮ ಪ್ರಭುವಿನಲ್ಲಿ ಮೊರೆಯಿಟ್ಟವರು. ಪ್ರವಾದಿವರ್ಯರು(ಸ) ಕಾಯಿಲೆಗೆ ಔಷಧೋಪಚಾರ ಮಾಡಿಕೊಳ್ಳಬೇಕೆಂದು ಕಲಿಸಿದವರು. ನೋವನ್ನು ಹೇಳಿಕೊಳ್ಳುವುದು, ಮದ್ದು ಮಾಡಿಸಿಕೊಳ್ಳುವುದು ಸಹನೆಗೆ ವಿರುದ್ಧವಲ್ಲ. ಮದ್ದು ಮಾಡಿಸಿದ ಮೇಲೂ ಉಳಿಯುವ ಕಷ್ಟವನ್ನು ತಾಳಿಕೊಳ್ಳುವುದು ಸಹನೆ.

ಅಂದಿನಿಂದ ನಾನು ಅವನಿಗೆ ಒಂದು ಸುಲಭದ ಕ್ರಮ ಕಲಿಸಿದೆ. ನೋವು ಎಷ್ಟಿದೆ ಎಂದು ಕೈಬೆರಳುಗಳಲ್ಲಿ ತೋರಿಸಬೇಕು. ನೋವೇ ಇಲ್ಲದಿದ್ದರೆ ಮುಷ್ಟಿ, ತಡೆಯಲಾಗದಿದ್ದರೆ ಹತ್ತೂ ಬೆರಳು. ಆಸ್ಪತ್ರೆಗಳಲ್ಲಿಯೂ ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಗಳಲ್ಲಿ ಅಳೆಯುತ್ತಾರೆ. ಮಾತು ಬಾರದ ಚಿಕ್ಕ ಮಕ್ಕಳಾದರೆ ಒಂದು ಕಾಲನ್ನು ಬಳಸದಿರುವುದು, ಎತ್ತಿಕೊಂಡಾಗ ಚೀರುವುದು, ಕೈ ಚಾಚದಿರುವುದು ಇವನ್ನು ಗಮನಿಸಬೇಕು. ಪುಟ್ಟ ಪುಸ್ತಕದಲ್ಲಿ ದಿನಾಂಕ, ಯಾವ ಕೀಲು, ಎಷ್ಟು ಬೆರಳು, ಯಾವಾಗ ಫ್ಯಾಕ್ಟರ್ ಕೊಟ್ಟರು ಎಂದು ಬರೆದಿಟ್ಟರೆ ವೈದ್ಯರಿಗೆ ಬಹಳ ಉಪಯೋಗ. ಆರು ತಿಂಗಳೊಳಗೆ ಒಂದೇ ಕೀಲಿನಲ್ಲಿ ತಾನಾಗಿಯೇ ಮೂರು ಅಥವಾ ಹೆಚ್ಚು ಸಲ ರಕ್ತಸ್ರಾವವಾದರೆ ಆ ಕೀಲಿಗೆ ವಿಶೇಷ ಚಿಕಿತ್ಸೆ ಬೇಕೆಂದು ಅರ್ಥ.

ನೋವು ಬಂದಾಗ ಏನು ಮಾಡಬೇಕು?

ಹೊಸ ರಕ್ತಸ್ರಾವದ ನೋವಿಗೆ ಮೊದಲ ಮದ್ದು ನೋವಿನ ಮಾತ್ರೆಯಲ್ಲ, ಫ್ಯಾಕ್ಟರ್. ಅದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಆದಷ್ಟು ಬೇಗ, ಸಾಧ್ಯವಾದರೆ ಎರಡು ಗಂಟೆಯೊಳಗೆ ಕೊಡಿಸಬೇಕು ಎನ್ನುತ್ತಾರೆ ತಜ್ಞರು. ರಕ್ತ ನಿಂತರೆ ಕೀಲಿನೊಳಗಿನ ಒತ್ತಡ ಇಳಿಯುತ್ತದೆ, ನೋವೂ ಇಳಿಯುತ್ತದೆ. ಫ್ಯಾಕ್ಟರ್ ಕೊಟ್ಟ ಮೇಲೂ ನೋವು, ಬಾವು ಇಳಿಯದಿದ್ದರೆ ಮರಳಿ ವೈದ್ಯರ ಬಳಿ ಹೋಗಲೇಬೇಕು. ಕೆಲವರ ದೇಹ ಫ್ಯಾಕ್ಟರನ್ನೇ ಎದುರಿಸುವ ಪ್ರತಿಕಾಯಗಳನ್ನು ಬೆಳೆಸಿಕೊಳ್ಳುತ್ತದೆ. ಅವರಿಗೆ ಬೇರೆ ಔಷಧಿ ಬೇಕಾಗುತ್ತದೆ.

ಆಸ್ಪತ್ರೆ ತಲುಪುವವರೆಗೆ ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಆ ಕೈಕಾಲಿಗೆ ವಿಶ್ರಾಂತಿ ಕೊಡಿ, ನಡೆಸಬೇಡಿ. ದಿಂಬಿನ ಮೇಲೆ ಎತ್ತರಿಸಿ ಇಡಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟರೆ ನೋವು ಸ್ವಲ್ಪ ತಗ್ಗುತ್ತದೆ. ಬರಿಯ ಮಂಜುಗಡ್ಡೆ ಚರ್ಮಕ್ಕೆ ತಾಗಬಾರದು. ಎಳೆದರೆ ಹಿಗ್ಗುವ ಪಟ್ಟಿಯನ್ನು ಬೆರಳು ನೀಲಿಯಾಗದಂತೆ ಹದವಾಗಿ ಸುತ್ತಬಹುದು. ಇವೆಲ್ಲ ಫ್ಯಾಕ್ಟರಿಗೆ ಬದಲಿಯಲ್ಲ, ದಾರಿಯ ಆಸರೆ ಮಾತ್ರ.

ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು, ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರು ಹೇಳಿದಷ್ಟು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ಮಾತ್ರೆಗಳನ್ನು ಕೊಡಲೇಬಾರದು. ಇವು ರಕ್ತದ ಪ್ಲೇಟ್‌ಲೆಟ್ ಕಣಗಳ ಕೆಲಸಕ್ಕೆ ಅಡ್ಡಿಮಾಡಿ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಇಲ್ಲೊಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಮಾತ್ರೆ, ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ಬೆರೆತಿರುತ್ತದೆ. "ಜ್ವರದ ಮಾತ್ರೆ ಕೊಡಿ" ಎಂದರೆ ಯಾವುದು ಕೈಗೆ ಬರುತ್ತದೋ ಹೇಳಲಾಗದು. ಪಟ್ಟಿಯ ಹಿಂದೆ ಬರೆದಿರುವುದನ್ನು ಓದಿಸಿಯೇ ಕೊಳ್ಳಿ. ನಿಮಗೆ ಓದಲು ಬಾರದಿದ್ದರೆ ಮಗಳಿಂದ ಓದಿಸಿ.

ಮಾಡಬಾರದ ಇನ್ನು ಕೆಲವು ಕೆಲಸಗಳಿವೆ. ಉಳುಕು ತೆಗೆಸಬೇಡಿ. ನೀವಿಸಬೇಡಿ. ಹೊಸ ಬಾವಿಗೆ ಬಿಸಿ ಶಾಖ ಕೊಡಬೇಡಿ. ಸೊಂಟಕ್ಕೆ, ತೋಳಿಗೆ ನೋವಿನ ಸೂಜಿ ಹಾಕಿಸಬೇಡಿ, ಮಾಂಸಖಂಡದೊಳಗೆ ರಕ್ತ ಇಳಿಯುತ್ತದೆ. ಲಸಿಕೆ ಮಾತ್ರ ತಪ್ಪಿಸಬಾರದು. ಯಾವ ರೀತಿ ಹಾಕಿಸಬೇಕೆಂದು ವೈದ್ಯರೇ ಹೇಳುತ್ತಾರೆ.

ಎರಡು ನೋವುಗಳ ವಿಷಯದಲ್ಲಿ ಒಂದು ಕ್ಷಣವೂ ಕಾಯಬಾರದು. ಒಂದು, ತಲೆಗೆ ಏಟು ಬಿದ್ದ ಮೇಲೆ ತಲೆನೋವು, ವಾಂತಿ, ಮಂಪರು. ಇನ್ನೊಂದು, ತೊಡೆಯ ಸಂದಿನಲ್ಲಿ, ಕಿಬ್ಬೊಟ್ಟೆಯಲ್ಲಿ ನೋವು ಬಂದು ಕಾಲು ಚಾಚಲಾಗದಿರುವುದು. ಹೊಟ್ಟೆನೋವೆಂದೋ ಅಪೆಂಡಿಕ್ಸ್ ಎಂದೋ ಭಾವಿಸುವ ಈ ನೋವು ಸೊಂಟದ ಒಳಗಿನ ದೊಡ್ಡ ಸ್ನಾಯುವಿನಲ್ಲಿ ಆದ ರಕ್ತಸ್ರಾವವಾಗಿರಬಹುದು. ತಲೆಗೆ ಏಟು ಬಿದ್ದರಂತೂ ನೋವು ಬರುವವರೆಗೂ ಕಾಯದೆ ಹೊರಡಬೇಕು.

ಹಳೆಯ ನೋವಿನ ದಾರಿ ಬೇರೆ

ಮತ್ತೆ ಮತ್ತೆ ರಕ್ತ ತುಂಬಿದ ಕೀಲಿನಲ್ಲಿ ರಕ್ತದ ಕಬ್ಬಿಣದ ಅಂಶ ಉಳಿದು ಒಳಪೊರೆ ದಪ್ಪವಾಗುತ್ತದೆ, ಮೃದ್ವಸ್ಥಿ ಸವೆಯುತ್ತದೆ. ಆಗ ರಕ್ತಸ್ರಾವ ಇಲ್ಲದ ದಿನವೂ ನೋವಿರುತ್ತದೆ. ದೊಡ್ಡವರಾದ ಎಷ್ಟೋ ರೋಗಿಗಳ ಪಾಡು ಇದು. ಈ ನೋವು ಬೆಳಗ್ಗೆ ಏಳುವಾಗ ಬಿಗಿತದಂತೆ ಇರುತ್ತದೆ, ನಡೆದಷ್ಟೂ ಹೆಚ್ಚಬಹುದು. ಹೊಸ ನೋವು ಯಾವುದು, ಹಳೆಯ ನೋವು ಯಾವುದು ಎಂಬುದನ್ನು ರೋಗಿಯೇ ಕಾಲಕ್ರಮದಲ್ಲಿ ಗುರುತಿಸಲು ಕಲಿಯುತ್ತಾನೆ. ಸಂಶಯವಿದ್ದರೆ ಹೊಸದೆಂದೇ ಭಾವಿಸಿ ಚಿಕಿತ್ಸೆ ಕೊಡಿಸುವುದು ಕ್ಷೇಮ.

ಹಳೆಯ ನೋವಿಗೆ ವ್ಯಾಯಾಮವೇ ದೊಡ್ಡ ಮದ್ದು. ನೋವೆಂದು ಕಾಲನ್ನು ಸುಮ್ಮನೆ ಇಟ್ಟುಬಿಟ್ಟರೆ ತೊಡೆಯ ಸ್ನಾಯು ಸೊರಗುತ್ತದೆ. ಸ್ನಾಯು ಸೊರಗಿದರೆ ಕೀಲಿಗೆ ಆಸರೆ ತಪ್ಪಿ ಮತ್ತೆ ರಕ್ತಸ್ರಾವ, ಮತ್ತೆ ನೋವು. ಇದೊಂದು ಗಾಣದ ಸುತ್ತು. ಮಂಡಿಯ ಕೆಳಗೆ ಮಡಚಿದ ಟವೆಲ್ ಇಟ್ಟು ಅದನ್ನು ಮಂಡಿಯಿಂದ ಒತ್ತುವುದು, ಸ್ವಲ್ಪ ಹೊತ್ತು ಹಿಡಿದು ಬಿಡುವುದು ಇಂತಹ ಸರಳ ವ್ಯಾಯಾಮಗಳನ್ನು ಫಿಸಿಯೋಥೆರಪಿ ತಜ್ಞರು ಹೇಳಿಕೊಡುತ್ತಾರೆ. ಹೊಸ ರಕ್ತಸ್ರಾವ ಪೂರ್ತಿ ನಿಂತ ಮೇಲೆಯೇ ಆರಂಭಿಸಬೇಕು. ಪ್ಯಾರಾಸಿಟಮಾಲ್ ಸಾಲದಿದ್ದರೆ ಕೊಡಬಹುದಾದ ಬೇರೆ ಔಷಧಿಗಳಿವೆ. ಅವನ್ನು ಹಿಮೋಫಿಲಿಯಾ ಬಲ್ಲ ವೈದ್ಯರೇ ಬರೆದುಕೊಡಬೇಕು.

ಮನಸ್ಸಿಗೂ ನೋವಿಗೂ ಸಂಬಂಧವಿದೆ. ಹೆದರಿದ ಮಗುವಿಗೆ ನೋವು ಹೆಚ್ಚು. ಸೂಜಿ ಚುಚ್ಚುವಾಗ ಕಥೆ ಹೇಳುವುದು, ನಿಧಾನ ಉಸಿರಾಡಿಸುವುದು, ಕೈ ಹಿಡಿದು ದುಆ ಓದಿಸುವುದು ಇವುಗಳಿಂದ ಮಗುವಿಗೆ ಧೈರ್ಯ ಬರುತ್ತದೆ. ಮಂಡಿ ನೋಯುವವರು ಕುಳಿತು ನಮಾಝ್ ಮಾಡಬಹುದು, ಕೂರಲಾಗದಿದ್ದರೆ ಮಲಗಿಯೂ ಮಾಡಬಹುದು. ರೋಗಿಗೆ ಉಪವಾಸದಲ್ಲಿಯೂ ರಿಯಾಯಿತಿ ಇದೆ. ಅಲ್ಲಾಹನೇ ಕೊಟ್ಟ ಸವಲತ್ತನ್ನು ನಾವೇಕೆ ಮಕ್ಕಳಿಂದ ಕಸಿದುಕೊಳ್ಳಬೇಕು? ಸುಜೂದ್‌ಗಾಗಿ ನೋಯುವ ಮಂಡಿ ಮಡಚು ಎಂದು ಒತ್ತಾಯಿಸುವುದು ಧರ್ಮವೂ ಅಲ್ಲ, ಪ್ರೀತಿಯೂ ಅಲ್ಲ.

ಖತ್ನಾಕ್ಕೆ ಮುನ್ನ

ನಮ್ಮ ಸಮುದಾಯದ ತಾಯಂದಿರು ವಿಶೇಷವಾಗಿ ತಿಳಿಯಬೇಕಾದ ಒಂದು ವಿಷಯವಿದೆ. ಎಷ್ಟೋ ಗಂಡುಮಕ್ಕಳಲ್ಲಿ ಈ ಕಾಯಿಲೆ ಮೊದಲು ಗೊತ್ತಾಗುವುದು ಖತ್ನಾದ ಸಮಯದಲ್ಲಿ, ರಕ್ತ ನಿಲ್ಲದಿದ್ದಾಗ. ಸುಮಾರು ಸಾವಿರ ವರ್ಷಗಳ ಹಿಂದೆಯೇ ಸ್ಪೇನಿನ ಕೊರ್ಡೋವಾದ ಪ್ರಸಿದ್ಧ ಶಸ್ತ್ರವೈದ್ಯ ಅಬುಲ್ ಖಾಸಿಮ್ ಅಝ್ಝಹ್ರಾವಿಯವರು, ಗಂಡಸರು ಗಾಯವಾದರೆ ರಕ್ತ ನಿಲ್ಲದೆ ಸಾಯುತ್ತಿದ್ದುದರ ಬಗ್ಗೆ ತಮ್ಮ ಅತ್ತಸ್ರೀಫ್ ಎಂಬ ವೈದ್ಯಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ತಾಯಿಯ ಅಣ್ಣತಮ್ಮಂದಿರಲ್ಲಿ, ತಾಯಿಯ ಕಡೆಯ ಬಂಧುಗಳಲ್ಲಿ ಯಾರಿಗಾದರೂ ರಕ್ತ ನಿಲ್ಲದ ತೊಂದರೆ ಇತ್ತೇ? ಅಂಬೆಗಾಲಿಡುವಾಗ ಮಗುವಿನ ಮೈಮೇಲೆ ನೀಲಿ ಗಂಟುಗಳು ಏಳುತ್ತಿದ್ದವೇ? ಹಾಗಿದ್ದರೆ ಮೊದಲು ರಕ್ತಪರೀಕ್ಷೆ, ಆಮೇಲೆ ಖತ್ನಾ. ಕಾಯಿಲೆ ಇದೆಯೆಂದಾದರೆ ಫ್ಯಾಕ್ಟರ್ ಕೊಟ್ಟು ಆಸ್ಪತ್ರೆಯಲ್ಲಿಯೇ ಮಾಡಿಸಬೇಕು. ಅಪಾಯವಿದೆ ಎಂದು ವೈದ್ಯರು ಹೇಳಿದರೆ ಮುಂದೂಡಲು ಧರ್ಮದಲ್ಲಿ ಅವಕಾಶವಿದೆ.

ಇದರೊಂದಿಗೇ ಇನ್ನೊಂದು ಮಾತು. ಕಾಯಿಲೆ ತಾಯಿಯ ಮೂಲಕ ಬರುತ್ತದೆ ಎಂದು ಗೊತ್ತಾದೊಡನೆ ಸೊಸೆಯನ್ನು ಹೀಯಾಳಿಸುವ ಮನೆಗಳಿವೆ. ವಾಹಕಳಾದ ತಾಯಿಯ ಪ್ರತಿ ಗಂಡುಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಮನೆತನದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಯಾವ ತಾಯಿಯೂ ಇದನ್ನು ಆರಿಸಿಕೊಂಡು ಕೊಡುವುದಿಲ್ಲ. ವಾಹಕರಾದ ಹೆಣ್ಣುಮಕ್ಕಳಲ್ಲಿಯೂ ಕೆಲವರಿಗೆ ಮುಟ್ಟಿನಲ್ಲಿ, ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗಬಹುದು. ಅವರ ನೋವನ್ನೂ "ಹೆಂಗಸರಿಗೆ ಇದ್ದದ್ದೇ" ಎಂದು ತಳ್ಳಿಹಾಕಬೇಡಿ. ಅವರಿಗೂ ಪರೀಕ್ಷೆ ಬೇಕು.

ಸಹಾಯ ದೂರವಿಲ್ಲ

ನಮ್ಮ ಭಾಗದವರ ಅದೃಷ್ಟವೆಂದರೆ ದಾವಣಗೆರೆ ಹತ್ತಿರ. ಹರಪನಹಳ್ಳಿ ದಾಟಿದರೆ ದಾವಣಗೆರೆ. ಅಲ್ಲಿ ಕರ್ನಾಟಕ ಹಿಮೊಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿಯವರು ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿದ ವೈದ್ಯರು, ಸ್ವತಃ ಹಿಮೋಫಿಲಿಯಾ ಇರುವವರು. ಈ ನೋವು ಏನೆಂದು ಪುಸ್ತಕದಿಂದಷ್ಟೇ ಅಲ್ಲ, ತಮ್ಮ ಮೈಯಿಂದಲೂ ತಿಳಿದವರು. ಕಾಯಿಲೆ ಇದ್ದೂ ಓದಿ, ವೈದ್ಯರಾಗಿ, ನೂರಾರು ಮನೆಗಳಿಗೆ ಆಸರೆಯಾಗಬಹುದೆಂಬುದಕ್ಕೆ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಮಾದರಿ ಬೇಕೇ?

ಸರಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಫ್ಯಾಕ್ಟರನ್ನು ಉಚಿತವಾಗಿ ಕೊಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಹೊರಡುವ ಮೊದಲು ದಾಸ್ತಾನು ಇದೆಯೇ ಎಂದು ಫೋನಿನಲ್ಲಿ ವಿಚಾರಿಸಿಕೊಳ್ಳಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ಹಿಮೋಫಿಲಿಯಾ ಕೂಡ ಒಂದು. ಗುರುತಿನ ಚೀಟಿಗೆ ಅರ್ಜಿ ಹಾಕಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನಲ್ಲಿ ತಾಯಿಯ ಟಿಕೆಟ್ಟಿನ ಚಿಂತೆಯೂ ತಪ್ಪಿದೆ.

ಇನ್ನೊಂದು ಸಮಾಧಾನದ ಸಂಗತಿ. ನೋವು ಬಂದ ಮೇಲೆ ಓಡುವುದಕ್ಕಿಂತ ಬಾರದಂತೆ ತಡೆಯುವುದು ಇಂದು ಸಾಧ್ಯವಾಗಿದೆ. ವಾರಕ್ಕೆ ಎರಡು ಮೂರು ಸಲ ಫ್ಯಾಕ್ಟರ್ ಕೊಡುವ ಕ್ರಮವಿದೆ. ಎ ಬಗೆಯವರಿಗೆ ಎಮಿಸಿಜುಮಾಬ್ ಎಂಬ ಔಷಧಿ ಬಂದಿದೆ. ಅದನ್ನು ಚರ್ಮದ ಕೆಳಗೆ ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಕೊಡುತ್ತಾರೆ. ಬೆಲೆ ಹೆಚ್ಚು. ಆದರೆ ನಮ್ಮ ಮಗುವಿಗೆ ಸಿಗಬಹುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ನಿಮ್ಮ ಮನೆಯಲ್ಲಿ ಇಂತಹ ಮಗು ಇಲ್ಲದಿರಬಹುದು. ನೆರೆಮನೆಯಲ್ಲಿ, ತವರಿನಲ್ಲಿ, ನೀವು ಕಲಿಸುವ ತರಗತಿಯಲ್ಲಿ ಇರಬಹುದು. ಅವನ ಚೀಲದಲ್ಲಿ ಒಂದು ಚೀಟಿ ಇರಲಿ: ಕಾಯಿಲೆಯ ಹೆಸರು, ಯಾವ ಫ್ಯಾಕ್ಟರ್, ರಕ್ತದ ಗುಂಪು, ಕೊಡಬಾರದ ಮಾತ್ರೆಗಳು, ಮನೆಯ ಫೋನ್ ನಂಬರ್. ಅವನು ನೋವು ಎಂದಾಗ ಬಾವು ಹುಡುಕಬೇಡಿ. ಎಲ್ಲಿ, ಯಾವಾಗಿನಿಂದ, ಎಷ್ಟು ಬೆರಳು ಎಂದು ಕೇಳಿ. ಕೇಳಿ ಮುಗಿಯುವಷ್ಟರಲ್ಲಿ ಒಬ್ಬರು ಗಾಡಿ ಹುಡುಕಲು ಹೊರಟಿರಲಿ. ಹುಡುಗನಿಗೆ ಮಾತ್ರ ಒಂದು ಮಾತು ಹೇಳಿ: "ಹೇಳಿದ್ದು ಒಳ್ಳೆಯದಾಯಿತು, ಮಗನೇ."